ಕರೆಂಟು ಹೋದಾಗಿನ ರೆಕಾರ್ಡಿಂಗು

ದೊಡ್ಡಬಳ್ಳಾಪುರದಲ್ಲಿ ಅನಸೂಯಳ ಮುಖ ಗೊತ್ತಿಲ್ಲದವರು ಬೇಕಾದಷ್ಟು ಮಂದಿ ಇದ್ದಾರೆ, ಅವಳ ದನಿ ಕೇಳದವರು ಯಾರೂ ಇಲ್ಲ. ನೆತ್ತಿಯ ಮೇಲೆ ಹಾರ್ನ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುವ ಪ್ರಚಾರದ ಆಟೋಗಳಲ್ಲಿ ಕೂಗುವ ಹೆಂಗಸು ಅವಳೇ. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಕಣ್ಣು ತಪಾಸಣೆಯ ಶಿಬಿರ, ಎರಡು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಸೂಚನೆ, ಎಲ್ಲವನ್ನೂ ಒಂದೇ ಸಂಭ್ರಮದಿಂದ ಹೇಳುತ್ತಾಳೆ. ಒಂದು ಚುನಾವಣೆಯಲ್ಲಿ ಒಂದೇ ವಾರ್ಡಿನ ಇಬ್ಬರು ಎದುರಾಳಿಗಳಿಗೂ ಅವಳೇ ಓಟು ಕೇಳಿದ್ದಳು. ಇಬ್ಬರೂ ಜಗಳಕ್ಕೆ ಬಂದಾಗ, "ಬಾಡಿಗೆಗಿರೋದು ನನ್ ಗಂಟ್ಲು ಕಣಣ್ಣ, ಓಟು ನನ್ ಹತ್ರಾನೇ ಐತೆ" ಎಂದು ಕಳಿಸಿದ್ದಳು.

ಅವಳು ಹುಟ್ಟಿದ್ದು ತ್ಯಾಮಗೊಂಡ್ಲಿನಲ್ಲಿ. ತರಗತಿಯಲ್ಲಿ ಒಬ್ಬಳೇ ಹುಡುಗಿಯಾಗಿ ಐಟಿಐ ಸೇರಿ ರೇಡಿಯೊ, ಟಿವಿ ರಿಪೇರಿ ಕಲಿತಿದ್ದಳು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದಾಗ ಗಂಡ ಕಾಂತರಾಜು ಮಗ್ಗದ ಕೆಲಸದಲ್ಲಿದ್ದ. ದೇವನಹಳ್ಳಿಗೆ ವಿಮಾನ ಬಂದ ವರ್ಷ ಅವನು ಮನೆಯ ಎರಡು ಮಗ್ಗಗಳನ್ನೂ ಮಾರಿ ಅಲ್ಲಿನ ಸರಕು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ಖಾಲಿಯಾದ ಮಗ್ಗದ ಕೋಣೆಗೆ ಅನಸೂಯ ಗೋಡೆ ತುಂಬ ಹಳೇ ಹಾಸಿಗೆಗಳನ್ನು ಹೊಡೆಸಿ, ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲ ಮೇಲೆ "ಕೀರ್ತನ ರೆಕಾರ್ಡಿಂಗ್" ಎಂದು ಬರೆಸಿದಳು. ಕೀರ್ತನ ಅವಳ ಒಬ್ಬಳೇ ಮಗಳ ಹೆಸರು.

ಹಾಸಿಗೆ ಎಷ್ಟು ಹೊಡೆದರೂ ಅವರ ಮನೆ ಮಾತ್ರ ಮಗ್ಗ ಮಾರಿತ್ತು, ಬೀದಿ ಮಾರಿರಲಿಲ್ಲ. ಎಡಕ್ಕೆ ನಾಲ್ಕು ಮಗ್ಗ, ಬಲಕ್ಕೆ ಆರು, ಎದುರಿಗೆ ಎಷ್ಟೋ. ಬೆಳಗಾದರೆ ಟಕಟಕ ಶುರುವಾಗಿ ಗೋಡೆಯೊಳಗೆಲ್ಲ ಹರಿದು ಮೈಕಿಗೆ ಬೀಳುತ್ತಿತ್ತು. ಅದಕ್ಕೆ ಅನಸೂಯ ಕಂಡುಕೊಂಡ ಉಪಾಯ ಒಂದೇ: ಕರೆಂಟು ಹೋದಾಗ ರೆಕಾರ್ಡ್ ಮಾಡುವುದು. ಆ ಬೇಸಿಗೆಯಲ್ಲಿ ದಿನಾ ಹತ್ತರಿಂದ ಹನ್ನೆರಡರವರೆಗೆ ಕರೆಂಟು ತೆಗೆಯುತ್ತಿದ್ದರು. ಹತ್ತು ಹೊಡೆದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ನೇಕಾರರೆಲ್ಲ ಕಟ್ಟೆಗೆ ಬಂದು ಕೂತು ಕರೆಂಟಿನವರಿಗೆ ಹಿಡಿಶಾಪ ಹಾಕುವ ಆ ಎರಡು ಗಂಟೆಯೇ ಇವಳ ದುಡಿಮೆಯ ಹೊತ್ತು. ನಡುವೆ ತಲೆಯ ಮೇಲೆ ವಿಮಾನ ಹೋದರೆ ಅದು ದಾಟುವ ತನಕ ಕಾದು ಮುಂದಿನ ವಾಕ್ಯ ಹೇಳುತ್ತಿದ್ದಳು. ಹಳೇ ಕಂಪ್ಯೂಟರು ಯುಪಿಎಸ್ ಮೇಲೆ ಓಡುತ್ತಿತ್ತು. ಎರಡೂ ಸತ್ತ ಮೇಲೆ ಕಾಂತರಾಜು ಜೊತೆ ಕೆಲಸದವರೊಬ್ಬರ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟ. ಅದಕ್ಕೆ ಮೈಕ್ ಸಿಕ್ಕಿಸಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ಇಟ್ಟಿಗೆ ಗಾತ್ರದ ಒಂದು ಆಡಿಯೊ ಪೆಟ್ಟಿಗೆ ಬಂತು. ಅನಸೂಯಳ ನೆಮ್ಮದಿ ಕೆಟ್ಟದ್ದು ಆ ಪೆಟ್ಟಿಗೆಯಿಂದ, ಅದೂ ಮಗಳ ಮದುವೆಯ ವಾರದಲ್ಲಿ.

ಮದುವೆ ಶುಕ್ರವಾರ, ಘಾಟಿ ದೇವಸ್ಥಾನದ ಛತ್ರದಲ್ಲಿ. ಅಡಿಗೆಯವರು, ಹೂವಿನವರು, ಓಲಗದವರು ಎಲ್ಲರನ್ನೂ ಗೊತ್ತು ಮಾಡಿ ಆಗಿತ್ತು. ಗೊತ್ತಾಗದೆ ಉಳಿದದ್ದು ಹಸೆ ಪದ. ಅನಸೂಯಳ ಅತ್ತೆ ಮುನಿವೆಂಕಟಮ್ಮನವರಿಗೆ ಎಪ್ಪತ್ತನಾಲ್ಕು ವರ್ಷ. ನಲವತ್ತು ವರ್ಷ ಆ ಕಡೆಯ ಹಳ್ಳಿಗಳಲ್ಲಿ ಹೆಣ್ಣು ಹಸೆಗೆ ಕೂತರೆ ಪದ ಎತ್ತಿದವರು ಅವರೇ. ಅವರು ಒಂದು ಸಾಲು ಹೇಳುವುದು, ಹಿಂದೆ ಕೂತ ಹೆಂಗಸರು ಸಾಲಿನ ಬಾಲವನ್ನು ಹಿಡಿದು ತಿರುಗಿ ಹೇಳುವುದು, ಆ ಹೆಂಗಸರು ಮುಗಿಸಿದ ಮೇಲೆ ಮುನಿವೆಂಕಟಮ್ಮ ಮುಂದಿನ ಸಾಲಿಗೆ ಹೋಗುವುದು, ಅದು ಕ್ರಮ. ಹಿಂದೆ ಹೇಳುವವರಲ್ಲಿ ಗಟ್ಟಿಯಾಗಿದ್ದವರು ಇಬ್ಬರು. ಕದಿರಮ್ಮ ಹೋದ ವರ್ಷ ತೀರಿಕೊಂಡರು. ಅಮ್ಮಯಮ್ಮ ಮಗಳ ಜೊತೆ ಹೊಸೂರಿನ ಕಡೆ ಹೋಗಿ ಹಾಸಿಗೆ ಹಿಡಿದರು. ಉಳಿದವರು ಬಾಯಾಡಿಸುವವರು, ಹಾಡುವವರಲ್ಲ. "ಹಿಂದೆ ಹೇಳೋರಿಲ್ಲ, ಮದ್ವೇಲಿ ನಾನ್ ಬಾಯ್ ಬಿಡಲ್ಲ" ಎಂದು ಮುನಿವೆಂಕಟಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಕೀರ್ತನ ಅತ್ತಳು. "ಊರಲ್ಲಿರೋ ಹೆಣ್ಮಕ್ಕಳಿಗೆಲ್ಲ ಹಾಡ್ದೋರು ನಂಗ್ಯಾಕೆ ಹಾಡಲ್ಲ? ಅಜ್ಜಿ ಪದ ಇಲ್ದೆ ನಾನು ಹಸೆಗೆ ಕೂರಲ್ಲಮ್ಮ" ಎಂದು ಹಟ ಹಿಡಿದಳು. ಎದೆಯ ಮೇಲೆ ಆಡಿಸಿದ ಮೊಮ್ಮಗಳು ಅಳುವುದನ್ನು ನೋಡಿಯೂ ಮುದುಕಿ ಜಗ್ಗಲಿಲ್ಲ. ಕೊನೆಗೆ ಅನಸೂಯ ಒಂದು ದಾರಿ ಹುಡುಕಿ, ಮನೆಯಲ್ಲೇ ರೆಕಾರ್ಡ್ ಮಾಡಿ ಛತ್ರದಲ್ಲಿ ಹಾಕಿಸುವುದಾಗಿ ಮಗಳಿಗೆ ಮಾತು ಕೊಟ್ಟಳು. ಜನರ ಮುಂದೆ ಒಂಟಿಯಾಗಿ ಹಾಡಲು ನಾಚಿಕೆ, ಮುಚ್ಚಿದ ಕೋಣೆಯಲ್ಲಾದರೆ ಆಗಬಹುದು ಎಂದು ಮುನಿವೆಂಕಟಮ್ಮ ಒಪ್ಪಿದರು.

ಸೋಮವಾರ ಹತ್ತಕ್ಕೆ ಕರೆಂಟು ಹೋಯಿತು. ಮುನಿವೆಂಕಟಮ್ಮ ಎಲೆಯಡಿಕೆ ಉಗಿದು ಬಾಯಿ ಮುಕ್ಕಳಿಸಿ ಮೈಕಿನ ಮುಂದೆ ಕೂತರು. ಅವರಿಗೆ ಕಿವಿ ಸ್ವಲ್ಪ ಮಂದ. ತಮ್ಮ ದನಿ ತಮಗೆ ಕೇಳದಿದ್ದರೆ ಹೊಲದಾಚೆಯವರನ್ನು ಕರೆಯುವಂತೆ ಕೂಗುತ್ತಾರೆ. ಅದಕ್ಕೆ ಅನಸೂಯ ಹೆಡ್‌ಫೋನ್ ಹಾಕಿಸಿದಳು. ಅತ್ತೆ ಬಾಯಿ ತೆರೆದರು.

"ಕೆಮ್ಮಣ್ಣ ಸಾರಿಸಿ ಹಸೆಯ ಬರೆದೀವಿ, ಬಾರಮ್ಮ ನಮ್ಮನೆ ಮಗಳೆ..."

ರೆಕಾರ್ಡ್ ಆದದ್ದನ್ನು ಕೇಳಿದರೆ ಸಾಲಿನ ಉದ್ದಕ್ಕೂ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ, ಚಟಪಟ. ಅನಸೂಯ ವೈರುಗಳನ್ನೆಲ್ಲ ಕಿತ್ತು ಸಿಕ್ಕಿಸಿ ನೋಡಿದಳು. ಚಟಪಟ ಹೋಗಲಿಲ್ಲ. ಎಸ್.ಪಿ. ರೋಡಿನ ಅಂಗಡಿಯವನಿಗೆ ಫೋನ್ ಮಾಡಿದಳು.

"ಅಕ್ಕಾ, ಪೆಟ್ಟಿಗೇದು ಏನೂ ತಪ್ಪಿಲ್ಲ. ಡ್ರೈವರ್ ಸೆಟ್ಟಿಂಗಿಗೆ ಹೋಗಿ ಬಫರ್ ಜಾಸ್ತಿ ಮಾಡಿ, ಅಷ್ಟೇ" ಎಂದ ಅವನು.

ಲ್ಯಾಪ್‌ಟಾಪಿಗೂ ಪೆಟ್ಟಿಗೆಗೂ ನಡುವೆ ನಿಂತು ದನಿಯನ್ನು ಸಾಗಿಸುವ ಪ್ರೋಗ್ರಾಮೇ ಡ್ರೈವರ್. ಪರದೆಯ ಮೇಲೆ ಅದರ ಕಿಟಕಿ ತೆರೆದರೆ ಎರಡು ಸಾಲಿತ್ತು. ಬಫರ್ ಎಂಬ ಒಂದರಲ್ಲಿ ಅರವತ್ತನಾಲ್ಕರಿಂದ ಎರಡು ಸಾವಿರದ ನಲವತ್ತೆಂಟರವರೆಗೆ ಅಂಕಿಗಳು. ಇನ್ನೊಂದರಲ್ಲಿ ವೇಗ, ಸಾಧಾರಣ, ಸೇಫ್ ಎಂಬ ಮೂರು ಬಗೆ. ದನಿ ಒಂದೇ ಧಾರೆಯಾಗಿ ಹೋಗುವುದಿಲ್ಲ, ಅಳತೆ ಮಾಡಿ ಹೊರಬೇಕು ಎಂಬುದು ಅನಸೂಯಳಿಗೆ ಬೇಗ ತಲೆಗೆ ಹತ್ತಿತು. ನಲ್ಲಿಯಿಂದ ಹಿತ್ತಲ ತೊಟ್ಟಿಗೆ ನೀರು ಹೊತ್ತ ಹಾಗೆ. ಚಿಕ್ಕ ಅಂಕಿಯೆಂದರೆ ಚೊಂಬು, ದೊಡ್ಡದೆಂದರೆ ಕೊಳಗ. ಚೊಂಬಿನಲ್ಲಿ ಹೊತ್ತರೆ ನೀರು ಬೇಗ ಮುಟ್ಟುತ್ತದೆ, ಆದರೆ ಓಡಾಟ ಹೆಚ್ಚು; ಒಂದು ಸುತ್ತು ತಪ್ಪಿದರೆ ಧಾರೆ ಕಡಿದು ಚಟ್ ಎನ್ನುತ್ತದೆ. ಕೊಳಗದಲ್ಲಿ ಹೊತ್ತರೆ ಕಡಿಯುವುದಿಲ್ಲ, ಆದರೆ ಕೊಳಗ ತುಂಬುವ ತನಕ ಕಾಯಬೇಕು. ಅವಳು ಎಲ್ಲಕ್ಕಿಂತ ದೊಡ್ಡ ಅಂಕಿಯನ್ನೂ ಸೇಫ್ ಎಂಬುದನ್ನೂ ಒತ್ತಿದಳು. ಚಟಪಟ ನಿಂತುಹೋಯಿತು.

ನಿಂತದ್ದು ಚಟಪಟ ಒಂದೇ ಅಲ್ಲ. ಮುನಿವೆಂಕಟಮ್ಮ ಒಂದು ಸಾಲು ಹೇಳಿ ಸುಮ್ಮನೆ ಕೂತರು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಸಾಲು, ಮತ್ತೆ ಸುಮ್ಮನೆ.

"ಯಾಕತ್ತೆ ನಿಂತ್ಬಿಟ್ರಿ?"

"ಎಲ್ ನಿಂತೆ? ಹಾಡ್ತಾ ಇಲ್ವಾ?"

"ಕಿವೀಲಿ ಸರಿಯಾಗಿ ಕೇಳಿಸ್ತಾ ಐತಾ?"

"ಬೋ ಚೆನ್ನಾಗೈತೆ ಕಣೆ."

ಅತ್ತೆ ಕೊಂಕು ಮಾತಾಡುತ್ತಿದ್ದಾರೆ ಎಂದುಕೊಂಡು ಅನಸೂಯ ಹೆಡ್‌ಫೋನನ್ನು ತಾನೇ ಹಾಕಿಕೊಂಡು ಮೈಕಿಗೆ "ಮಾನ್ಯ ಗ್ರಾಹಕರೇ" ಎಂದಳು. ಅರ್ಧ ಸೆಕೆಂಡು ಬಿಟ್ಟು ಅವಳದೇ ದನಿ ಅಣಕಿಸುವಂತೆ "ಗ್ರಾಹಕರೇ" ಎಂದಿತು. ಮುಂದಿನ ಮಾತಿಗೆ ನಾಲಿಗೆಯೇ ಹೊರಳಲಿಲ್ಲ. ಹನ್ನೆರಡು ವರ್ಷದಿಂದ ಮೈಕಿನ ಮುಂದೆ ಕೂತ ತನಗೇ ಹೀಗಾದರೆ ಮುದುಕಿಯ ಪಾಡೇನು ಎಂದು ಪಾಪ ಎನಿಸಿತು. ಈ ತಡವನ್ನು ಕಿತ್ತುಹಾಕದೆ ಬಿಡುವುದಿಲ್ಲ ಎಂದು ಅಂಕಿ ಬದಲಿಸುವಷ್ಟರಲ್ಲಿ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ಎದ್ದವು. ಸೋಮವಾರ ಮುಗಿಯಿತು.

ಮಂಗಳವಾರದ ಎರಡು ಗಂಟೆ ಅಂಕಿಗಳ ಜೊತೆ ಗುದ್ದಾಟದಲ್ಲೇ ಹೋಯಿತು. ಸಾವಿರದ ಇಪ್ಪತ್ತನಾಲ್ಕು, ಐನೂರ ಹನ್ನೆರಡು, ಇನ್ನೂರ ಐವತ್ತಾರು. ಪ್ರತಿಯೊಂದಕ್ಕೂ ವೇಗ, ಸಾಧಾರಣ, ಸೇಫ್. ಅಂಕಿ ಇಳಿಸಿದರೆ ಸಾಸಿವೆ ಸಿಡಿಯುತ್ತದೆ, ಏರಿಸಿದರೆ ದನಿ ತಡವಾಗುತ್ತದೆ. ಯಾವುದಕ್ಕೆ ಏನಾಯಿತೆಂದು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆಯುತ್ತ ಹೋಗಿ ಬಾಗಿಲೇ ತುಂಬಿತು. ಅತ್ತೆ ಹೆಡ್‌ಫೋನ್ ಹಾಕಿಕೊಂಡೇ ಗೋಡೆಗೊರಗಿ ಗೊರಕೆ ಹೊಡೆದರು. ಲಗ್ನಪತ್ರಿಕೆ ಹಂಚಲು ಹೋಗಬೇಕಾಗಿದ್ದ ಮೂರು ಮನೆ ಹಾಗೇ ಉಳಿದವು.

ಮಧ್ಯಾಹ್ನ ಕರೆಂಟು ಬಂದ ಮೇಲೆ, ಮಗ್ಗದ ಸದ್ದಿನಲ್ಲೇ ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ನೋಡಿದಳು. ನೂರ ಇಪ್ಪತ್ತೆಂಟಕ್ಕೆ ಇಳಿಸಿದರೂ ಒಂದೇ ಒಂದು ಚಟ್ ಇಲ್ಲ! ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಸರಿಹೋಯಿತೆಂದು ಕೈಮುಗಿದು ಎದ್ದು ಉಳಿದ ಪತ್ರಿಕೆಗಳನ್ನು ಹಂಚಿ ಬಂದಳು. ಬುಧವಾರ ಹತ್ತಕ್ಕೆ ಅತ್ತೆಯನ್ನು ಕೂರಿಸಿದರೆ ಮತ್ತೆ ಅದೇ ಸಾಸಿವೆ.

ಅವಳು ಮೌಸನ್ನು ಎತ್ತಿ ಹಾಸಿಗೆಯ ಗೋಡೆಗೆ ಬಿಸಾಡಿದಳು. ಹಾಸಿಗೆಯಾದ್ದರಿಂದ ಅದೂ ಒಡೆಯಲಿಲ್ಲ. ಅಂಗಡಿಯವನು ಡ್ರೈವರನ್ನು ತೆಗೆದು ಹೊಸದಾಗಿ ಹಾಕಿ ಎಂದ. ಅದನ್ನು ಇಂಟರ್ನೆಟ್ ಡಾಂಗಲಿನಲ್ಲಿ ಇಳಿಸಿಕೊಳ್ಳಲು ಮಧ್ಯಾಹ್ನವಿಡೀ ಹಿಡಿಯಿತು. ಸಂಜೆ ಹಾಕಿ ನೋಡಿದರೆ ಹಾಲಿನಂತೆ ಸ್ವಚ್ಛ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಚಟಪಟ.

"ಏನಪ್ಪಾ, ನಿನ್ ಪೆಟ್ಗೆ ಸಾಯಂಕಾಲ ಒಂಥರ, ಬೆಳಿಗ್ಗೆ ಒಂಥರ ಆಡ್ತದಲ್ಲ? ಮುಹೂರ್ತ ನೋಡಿ ಓಡ್ಸಬೇಕಾ ಇದನ್ನ?" ಎಂದು ಫೋನಿನಲ್ಲಿ ಕಿರುಚಿದಳು.

"ಅಕ್ಕಾ, ನಮ್ ಅಂಗಡೀಲಿ ಇಂಥದೇ ಮೂವತ್ತು ಹೋಗವೆ. ಯಾರೂ ಕಂಪ್ಲೇಂಟ್ ಹೇಳಿಲ್ಲ" ಎಂದ ಅವನು. ಅನಸೂಯಳಿಗೆ ಅಳು ಬಂತು. ಮದುವೆಗೆ ಒಂದು ದಿನ ಉಳಿದಿತ್ತು, ಸಂಜೆಗೆ ಛತ್ರಕ್ಕೆ ಹೊರಡಬೇಕಿತ್ತು, ಕೈಯಲ್ಲಿ ಒಂದು ಸಾಲು ಪದವೂ ಇರಲಿಲ್ಲ.

ಹತ್ತೂ ಮುಕ್ಕಾಲಿಗೆ ಅದೇನಾಯಿತೋ, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಬಂತು. ಮಗ್ಗಗಳು ಶುರುವಾದವು. ಹೆಡ್‌ಫೋನ್ ಅವಳ ತಲೆಯ ಮೇಲೇ ಇತ್ತು, ಚಟಪಟ ಕತ್ತರಿಸಿದಂತೆ ನಿಂತಿತು. ಎರಡು ನಿಮಿಷಕ್ಕೆ ಕರೆಂಟು ಹೋಯಿತು. ಮಗ್ಗ ನಿಂತವು, ಚಟಪಟ ಬಂತು. ಅನಸೂಯ ಚಾರ್ಜರಿನ ವೈರನ್ನೇ ದಿಟ್ಟಿಸಿ ನೋಡಿದಳು. ಕರೆಂಟು ಹೋದ ಕ್ಷಣ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲೆಂದು ತನ್ನ ವೇಗವನ್ನೇ ಅರ್ಧಕ್ಕೆ ಇಳಿಸಿಕೊಳ್ಳುತ್ತಿತ್ತು. ಚೊಂಬು ಹೊರುವವನೇ ಕುಂಟುತ್ತ ನಡೆದರೆ ಧಾರೆ ಕಡಿಯದೆ ಇನ್ನೇನಾದೀತು? ಅಂಗಡಿಯವನ ಉಳಿದ ಮೂವತ್ತು ಗಿರಾಕಿಗಳು ಕರೆಂಟು ಇದ್ದಾಗ ರೆಕಾರ್ಡ್ ಮಾಡುವವರು. ಕರೆಂಟು ಹೋಗಲೆಂದು ಕಾದು ಕೂರುವ ಗಿರಾಕಿ ಅವಳೊಬ್ಬಳೇ.

ಬ್ಯಾಟರಿ ಉಳಿಸುವ ಸೆಟ್ಟಿಂಗು ಹುಡುಕಿ ಪೂರ್ತಿ ವೇಗ ಎಂದು ಮಾಡಲು ಒಂದು ನಿಮಿಷ ಸಾಕಾಯಿತು. ನಾಲ್ಕು ದಿನ ಹಾಳಾದದ್ದು ಒಂದು ನಿಮಿಷದ ಕೆಲಸಕ್ಕೆ. ತನ್ನ ಬುದ್ಧಿಗೆ ತಾನೇ ಉಗಿದುಕೊಂಡಳು. ನೂರ ಇಪ್ಪತ್ತೆಂಟಕ್ಕೆ ಇಟ್ಟು "ಮಾನ್ಯ ಗ್ರಾಹಕರೇ" ಎಂದರೆ ದನಿ ತುಟಿಯಿಂದ ಹೊರಡುವಷ್ಟರಲ್ಲಿ ಕಿವಿಯಲ್ಲಿತ್ತು. ಚಟಪಟವೂ ಇಲ್ಲ, ತಡವೂ ಇಲ್ಲ.

"ಬನ್ನಿ ಅತ್ತೆ, ಬನ್ನಿ! ಸರಿಹೋಯ್ತು!"

ಮುನಿವೆಂಕಟಮ್ಮ ಬಂದು ಕೂತು ಮೊದಲ ಸಾಲು ಹೇಳಿದರು. ಕಾದರು. ತಿರುಗಿ ಬೆನ್ನ ಹಿಂದಿನ ಗೋಡೆಯನ್ನು ನೋಡಿದರು. ಎರಡನೇ ಸಾಲಿನ ಅರ್ಧಕ್ಕೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದ್ಯಾಕೆ ಕೆಡಿಸ್ಬಿಟ್ಟೆ?"

"ಕೆಡಿಸಿದ್ನಾ? ಸರಿಮಾಡಿದೀನಿ ಅತ್ತೆ! ಊಟ ಬಿಟ್ಟು, ನಿದ್ದೆ ಬಿಟ್ಟು, ಮದ್ವೆ ಕೆಲ್ಸ ಬಿಟ್ಟು ಸರಿಮಾಡಿದೀನಿ! ನಿಮ್ಗೆ ಹಾಡೋಕ್ ಇಷ್ಟ ಇಲ್ದಿದ್ರೆ ಇಷ್ಟ ಇಲ್ಲ ಅಂತ ಹೇಳ್ಬಿಡಿ!"

ಸೊಸೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಮುದುಕಿ ಹಿಂದೆಂದೂ ಕಂಡಿರಲಿಲ್ಲ. ಆದರೂ ಸಿಟ್ಟಾಗದೆ ಹೇಳಿದರು.

"ಸೋಮವಾರ ಹಿಂದೆ ಒಬ್ರು ಹೇಳ್ತಿದ್ರಲ್ಲ ಕಣೆ. ನಾನ್ ಸಾಲು ಬಿಟ್ಟೇಟ್ಗೆ ಬಾಲ ಹಿಡ್ಕಂಡು ಹೇಳೋರು. ಅವ್ರು ಮುಗಿಸ್ಲಿ ಅಂತ ಕಾಯ್ತಿದ್ದೆ. ನನ್ ಗಂಟ್ಲೇ ಅದು, ನಂಗೇನ್ ತಿಳೀದಾ? ಆದ್ರೂ ಹಿಂದೆ ಜನ ಇದ್ದಂಗಿತ್ತು. ಈಗ ಬರೀ ಗೋಡೆಗೆ ಹಾಡ್ದಂಗೈತೆ. ಹೆಂಗ್ ಹಾಡ್ಲಿ?"

ಯಾವ ತಡವನ್ನು ಕಳೆಯಲು ಅನಸೂಯ ನಾಲ್ಕು ದಿನ ಜೀವ ತೇಯ್ದಿದ್ದಳೋ ಅದನ್ನು ನೆಚ್ಚಿಕೊಂಡು ಮುದುಕಿ ಹಾಡುತ್ತಿದ್ದರು. ಬೋ ಚೆನ್ನಾಗೈತೆ ಎಂದದ್ದು ಕೊಂಕಲ್ಲ, ನಿಜವೇ. ಅವಳು ಮೆಲ್ಲಗೆ, "ನಾನೇ ಹಿಂದೆ ಹೇಳ್ತೀನಿ ಅತ್ತೆ. ಪದ ನಂಗ್ ಬರ್ತದೆ" ಎಂದಳು.

"ನೀನಾ? ಬ್ಯಾಡ ತಾಯಿ. ನೀನು ಸೀರೆ ಮಾರ್ದಂಗೆ ಹೇಳ್ತೀಯ. ಆ ಪೆಟ್ಗೇನೇ ಸೋಮವಾರದಂಗೆ ಮಾಡ್ಕೊಡು."

ಊರಿಗೆಲ್ಲ ಬೇಕಾದ ದನಿ ಮನೆಯ ಮುದುಕಿಗೆ ಬೇಡವಾಯಿತು. ಮನುಷ್ಯರ ದನಿಗಿಂತ ಪೆಟ್ಟಿಗೆಯ ತಪ್ಪೇ ವಾಸಿಯಾಯಿತು. ಆದರೆ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಅನಸೂಯ ಡ್ರೈವರಿನ ಕಿಟಕಿ ತೆರೆದು ಎಲ್ಲಕ್ಕಿಂತ ದೊಡ್ಡ ಅಂಕಿ ಒತ್ತಿದಳು, ಸೇಫ್ ಒತ್ತಿದಳು. ಮುನಿವೆಂಕಟಮ್ಮ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದು ಸಾಲು ಹೇಳಿ ಕಾಯುತ್ತ, ಮತ್ತೊಂದು ಹೇಳಿ ಕಾಯುತ್ತ, ಎಲ್ಲೂ ತಪ್ಪದೆ ಇಡೀ ಪದವನ್ನು ಮುಗಿಸಿದರು. ಎರಡು ಸಲ ವಿಮಾನ ಹೋದಾಗಲೂ ನಿಲ್ಲಿಸಲು ಅನಸೂಯಳಿಗೆ ಧೈರ್ಯ ಬರಲಿಲ್ಲ.

ಊಟವಾದ ಮೇಲೆ ಕೇಳಿ ನೋಡಿದಳು. ಹೆಡ್‌ಫೋನಿನ ತಡ ರೆಕಾರ್ಡಿನೊಳಗೆ ಬಂದಿರಲಿಲ್ಲ. ಅತ್ತೆಯ ದನಿ ಒಂದೇ ಇತ್ತು, ಪ್ರತಿ ಸಾಲಿನ ಹಿಂದೆ ಅಷ್ಟಗಲ ಖಾಲಿ. ಆ ಖಾಲಿಯನ್ನು ಕತ್ತರಿಸಿದರೆ ಸಾಲಿನ ಮೇಲೆ ಸಾಲು ಬಿದ್ದು ಪದ ಅವಳದೇ ಆಟೋ ಪ್ರಚಾರದಂತೆ ಓಡಿತು. ಅತ್ತೆಯ ದನಿಯನ್ನೇ ನಕಲು ಮಾಡಿ ತುಂಬಿದರೆ ಗಿಳಿ ನುಡಿದಂತಾಯಿತು. ಹೊರಗೆ ಕಾಂತರಾಜು ವ್ಯಾನು ತಂದು ಹಾರ್ನ್ ಬಾರಿಸುತ್ತಿದ್ದ. ಹಾಳಾಗಿ ಹೋಗಲಿ ಎಂದು ಇದ್ದದ್ದನ್ನು ಇದ್ದಂತೆಯೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೀರ್ತನಳನ್ನು ಹಸೆಗೆ ಕರೆತಂದರು. ಛತ್ರದ ಮೈಕ್ ಸೆಟ್ಟಿನ ದೇವೇಂದ್ರ ಪೆನ್‌ಡ್ರೈವ್ ಹಾಕಿದ. ಮುನಿವೆಂಕಟಮ್ಮನವರ ದನಿ ಛತ್ರದ ತುಂಬ ಹರಡಿ, ಸಾಲು ಮುಗಿದು, ನಿಂತಿತು. ಜನರೆಲ್ಲ ಸ್ಪೀಕರಿನ ಕಡೆ ತಿರುಗಿದರು. ದೇವೇಂದ್ರ ವೈರು ಕಿತ್ತಿತೆಂದು ಹಾರಿ ಎದ್ದು ಜಗ್ಗಾಡಿದ. ಅಷ್ಟರಲ್ಲಿ ಎರಡನೇ ಸಾಲು ಬಂತು, ನಿಂತಿತು. ಯಾರೋ ಕಿಸಕ್ಕನೆ ನಕ್ಕರು. "ರೆಕಾರ್ಡು ಸರಿಗಿಲ್ವೇನಕ್ಕಾ?" ಎಂದು ದೇವೇಂದ್ರ ಎಲ್ಲರಿಗೂ ಕೇಳುವಂತೆ ಕೂಗಿದ. ತಲೆ ತಗ್ಗಿಸಿ ಕೂತ ಕೀರ್ತನಳ ಮುಖ ಕೆಂಪಾಯಿತು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ ಎನಿಸಿತು ಅನಸೂಯಳಿಗೆ.

ಮೂರನೇ ಸಾಲು ನಿಂತಾಗ ಚಾಪೆಯ ಮೇಲಿಂದ ನಡುಗುವ ಒಂದು ದನಿ ಎದ್ದು ಸಾಲಿನ ಬಾಲವನ್ನು ಹಿಡಿಯಿತು. ಮುನಿವೆಂಕಟಮ್ಮ. ಜೀವಮಾನವೆಲ್ಲ ಮುಂದೆ ಹೇಳಿದವರು ಈಗ ಸ್ಪೀಕರಿನೊಳಗಿನ ತಮ್ಮನ್ನು ಮುಂದೆ ಬಿಟ್ಟು ತಾವು ಹಿಂದೆ ಹೇಳುತ್ತಿದ್ದರು. ನಕ್ಕವರು ಬಾಯಿ ಮುಚ್ಚಿದರು. ಕೀರ್ತನ ಶಾಸ್ತ್ರವನ್ನೆಲ್ಲ ಮರೆತು ತಲೆಯೆತ್ತಿ ಅಜ್ಜಿಯನ್ನು ನೋಡಿದಳು.

ಏಳೆಂಟು ಸಾಲು ನಡೆಯಿತು. ಆಮೇಲೆ ಮುದುಕಿಗೆ ಉಸಿರು ಸಾಲದೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಕೈ ಚಾಚಿ ಪಕ್ಕದಲ್ಲಿದ್ದ ಅನಸೂಯಳ ತೊಡೆಗೆ ಬಲವಾಗಿ ಹೊಡೆದರು.

"ಬಾಯಿ ನೋಡ್ತಾ ಕೂತಿದೀಯಲ್ಲ. ಹೇಳು."

ಅನಸೂಯ ಗಾಬರಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರು ಮುಂದಿನ ಸಾಲಿಗೆ ಹೋಗಿಬಿಟ್ಟಿತ್ತು.

"ಬೇಗ ಎತ್ಕೊಳೇ, ಅವಳು ಕಾಯಲ್ಲ!" ಎಂದು ಮುನಿವೆಂಕಟಮ್ಮ ಸ್ಪೀಕರಿನ ಕಡೆ ಬೆರಳು ಮಾಡಿ ನೆಂಟರೆಲ್ಲರ ಎದುರಿಗೆ ಗದರಿದರು.

ಅನಸೂಯಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಅವಳು ಮುಂದಿನ ಸಾಲಿನ ಬಾಲವನ್ನು ಹಿಡಿದಳು.